ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯ ಮನೆಬೀಜ ಬೆರಕೆಯಾಗುತ್ತಿದೆ, ಶುದ್ಧ ಬೀಜ ಉಳಿಸಿಕೊಳ್ಳುವ ಬಗೆ ಯಾವುದು?

ಪ್ರಶ್ನೆ: ಎರೆಹೊಲ (ಹಾವೇರಿ ಜಿಲ್ಲೆ)

ನಮ್ಮ ಎರಡು ಎಕರೆ ಎರೆಹೊಲದಲ್ಲಿ ತಂದೆಯವರ ಕಾಲದಿಂದಲೂ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಬೆಳೆಯುತ್ತಿದ್ದೇವೆ. ಬೀಜವನ್ನು ಹೊರಗಿನಿಂದ ತಂದದ್ದಿಲ್ಲ. ಕಣದಲ್ಲಿ ಒಣಗಿದ ಕಾಯಿಗಳ ರಾಶಿಯಿಂದ ದುಂಡಗಿರುವ, ಚೆನ್ನಾಗಿ ಸುಕ್ಕುಗಟ್ಟಿದ, ಕಡುಗೆಂಪಿನವನ್ನು ಆರಿಸಿ, ಮುಂದಿನ ವರ್ಷ ಅವುಗಳ ಬೀಜವನ್ನೇ ಮಡಿಗೆ ಹಾಕುತ್ತೇವೆ. ಈಚಿನ ವರ್ಷಗಳಲ್ಲಿ ನುಣುಪಾದ, ಉದ್ದನೆಯ, ಬಣ್ಣ ತೇಲಿದ ಕಾಯಿಗಳು ನಡುನಡುವೆ ಕಾಣಿಸಿಕೊಳ್ಳುತ್ತಿವೆ. ಈ ಸಲ ಕಣದಲ್ಲಿ ಕಾಯಿ ಹರವುವಾಗ ಹೆಣ್ಣುಮಕ್ಕಳು ಕಣ್ಣುರಿಯೆಂದು ಮುಖಕ್ಕೆ ಸೆರಗು ಕಟ್ಟಿಕೊಳ್ಳಬೇಕಾಯಿತು. ಖಾರ ಕಡಿಮೆಯಿರುವ ಡಬ್ಬಿಯ ಕಣದಲ್ಲಿ ಇಂಥದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬದುವಿನಾಚೆಯ ಹೊಲದವರು ಇಳುವರಿ ಹೆಚ್ಚೆಂದು ಮೂರು ವರ್ಷಗಳಿಂದ ಖಾರದ ಸಂಕರ ತಳಿ ಹಾಕುತ್ತಿದ್ದಾರೆ. ಅದರ ಗಾಳಿ ತಾಗಿ ನಮ್ಮ ಕಾಯಿ ಅದೇ ವರ್ಷ ಖಾರವಾಗುತ್ತದೆಂದು ಊರಿನವರು ಹೇಳುತ್ತಾರೆ. ಇದು ನಿಜವೇ? ಇಷ್ಟು ಎಚ್ಚರದಿಂದ ಕಾಯಿ ಆರಿಸಿದರೂ ಬೀಜ ಕೆಡುವುದೇಕೆ?

ಉತ್ತರ 1: ತರಕಾರಿ ತಳಿ ಅಭಿವೃದ್ಧಿಯಲ್ಲಿ ಕೆಲಸ ಮಾಡಿದವನು

ನೆರೆಯ ಹೊಲದ ಪರಾಗ ಬಿದ್ದ ಮಾತ್ರಕ್ಕೆ ಅದೇ ವರ್ಷ ನಿಮ್ಮ ಕಾಯಿ ಖಾರವಾಗುವುದಿಲ್ಲ. ಕಾಯಿಯ ಸಿಪ್ಪೆಯಾಗಲಿ, ಖಾರ ಹುಟ್ಟುವ ಒಳಗಿನ ಬಿಳಿಯ ತಿರುಳಾಗಲಿ ಪೂರ್ತಿಯಾಗಿ ತಾಯಿಗಿಡದ ದೇಹದ ಭಾಗಗಳು. ಹೊರಗಿನ ಪರಾಗದ ಗುರುತು ಉಳಿಯುವುದು ಬೀಜದೊಳಗೆ ಮಾತ್ರ, ಮತ್ತು ಆ ಬೀಜ ಮೊಳೆತು ಮುಂದಿನ ವರ್ಷ ಗಿಡವಾಗಿ ಕಾಯಿ ಬಿಟ್ಟಾಗಲೇ ಅದು ಬಯಲಾಗುತ್ತದೆ. ಈ ವರ್ಷ ಕಣದಲ್ಲಿ ಕಣ್ಣುರಿ ತಂದದ್ದು ಹೋದ ವರ್ಷದ ಅಥವಾ ಅದಕ್ಕೂ ಹಿಂದಿನ ಬೆರಕೆ.

ನಿಮ್ಮ ಆಯ್ಕೆಯ ಕ್ರಮ ಸೋಲುವುದೂ ಇದೇ ಕಾರಣಕ್ಕೆ. ಎಷ್ಟೇ ಸುಕ್ಕುಗಟ್ಟಿದ ಕಡುಗೆಂಪು ಕಾಯಿಯನ್ನು ಆರಿಸಿದರೂ ನಿಮಗೆ ಕಾಣಿಸುವುದು ತಾಯಿಯ ಗುಣವಷ್ಟೆ. ಅದರೊಳಗಿನ ಹತ್ತಾರು ಬೀಜಗಳ ತಂದೆ ಯಾರೆಂಬುದು ಕಾಯಿಯ ಮೇಲೆ ಬರೆದಿರುವುದಿಲ್ಲ. ಮೆಣಸಿನ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿದ್ದು ಸ್ವಪರಾಗಸ್ಪರ್ಶಕ್ಕೆ (ತನ್ನದೇ ಪರಾಗದಿಂದ ಕಾಯಿ ಕಚ್ಚುವುದಕ್ಕೆ) ಅಡ್ಡಿಯಿಲ್ಲ ನಿಜ. ಆದರೆ ಬಹಳಷ್ಟು ಹೂಗಳಲ್ಲಿ ಶಲಾಕೆಯ (ಪರಾಗ ಹಿಡಿಯುವ ಹೆಣ್ಣುಭಾಗದ) ತುದಿ ಪರಾಗಕೋಶಗಳಿಗಿಂತ ಮುಂದೆ ಚಾಚಿಕೊಂಡಿರುತ್ತದೆ. ಬೆಳಿಗ್ಗೆ ಹೂವರಳಿದ ಮೇಲೆ ಪರಾಗಕೋಶ ಒಡೆಯುವುದಕ್ಕೂ ಸ್ವಲ್ಪ ಹೊತ್ತು ಹಿಡಿಯುವುದರಿಂದ, ಅಷ್ಟರೊಳಗೆ ಜೇನುನೊಣ ಹೊರಗಿನ ಪರಾಗವನ್ನು ತಂದು ಒರೆಸಿ ಹೋಗಲು ಅವಕಾಶ ಸಾಕಷ್ಟಿದೆ. ಬೀಜ ಪ್ರಮಾಣೀಕರಣದ ನಿಯಮಗಳಲ್ಲಿ ಮೆಣಸಿನಕಾಯಿಯ ಮೂಲ ಬೀಜಕ್ಕೆ (ಪ್ರಮಾಣಿತ ಬೀಜ ಬೆಳೆಯಲು ಬಳಸುವ ಬೀಜ) 400 ಮೀಟರ್, ಪ್ರಮಾಣಿತ ಬೀಜಕ್ಕೆ (ರೈತರಿಗೆ ಮಾರುವ ಬೀಜ) 200 ಮೀಟರ್ ಬೇರೆ ತಳಿಯ ಹೊಲದಿಂದ ಅಂತರವನ್ನು ವಿಧಿಸಿರುವುದು ಇದೇ ಕಾರಣಕ್ಕೆ. ಒಂದು ಬದುವಿನ ಅಂತರ ಏನೇನೂ ಸಾಲದು.

ಇನ್ನೊಂದು ತೊಡಕಿದೆ. ನೆರೆಯವರದು ಸಂಕರ ತಳಿಯಾದ್ದರಿಂದ ಅದರ ಪರಾಗವೂ ಒಂದೇ ಬಗೆಯದಲ್ಲ. ಹೀಗಾಗಿ ಮೊದಲ ಪೀಳಿಗೆಯ ಬೆರಕೆ ಗಿಡಗಳೇ ಒಂದರಂತೆ ಒಂದಿರುವುದಿಲ್ಲ, ಅವುಗಳ ಮಕ್ಕಳಲ್ಲಂತೂ ಗುಣಗಳು ಇನ್ನಷ್ಟು ಒಡೆದು ಹರಡುತ್ತವೆ. ಬೆರಕೆ ಗಿಡವನ್ನು ನೀವು ಗುರುತಿಸುವುದು ಕಾಯಿ ಬಲಿತ ಮೇಲೆ. ಅಷ್ಟರಲ್ಲಿ ಅದರ ಪರಾಗ ಸುತ್ತಲಿನ ಒಳ್ಳೆಯ ಗಿಡಗಳಿಗೆ ಹಂಚಿಹೋಗಿರುತ್ತದೆ. ಆದುದರಿಂದ ಆಯ್ಕೆ ಕಣದಲ್ಲಿ ನಡೆಯದೆ ಹೊಲದಲ್ಲಿ, ಕಾಯಿಯ ಬದಲು ಗಿಡವನ್ನು ನೋಡಿ ನಡೆಯಬೇಕು. ಆರಿಸಿದ ಗಿಡಗಳ ಹೂವಿಗೆ ಹೊರಗಿನ ಪರಾಗ ತಾಗದಂತೆ ಮರೆಯೂ ಬೇಕು.

ಉತ್ತರ 2: ಬೀಜೋತ್ಪಾದಕ (ರಾಣೆಬೆನ್ನೂರು ಕಡೆ)

ನಾವು ಒಪ್ಪಂದದ ಮೇಲೆ ಸಂಕರ ಬೀಜ ಮಾಡುವವರು. ಸಂಜೆ ಚಿಮಟದಿಂದ ಮೊಗ್ಗು ಬಿಡಿಸಿ ಪರಾಗಕೋಶ ಕೀಳುವುದು, ಮರುದಿನ ಬೆಳಿಗ್ಗೆ ಗಂಡುಸಾಲಿನ ಪರಾಗ ಮುಟ್ಟಿಸಿ ದಾರ ಕಟ್ಟುವುದು, ಇದು ನಮ್ಮ ದಿನಚರಿ. ನಿಮಗೆ ಇಷ್ಟೆಲ್ಲ ಬೇಡ. ನಿಮಗೆ ಬೇಕಾದದ್ದು ಸ್ವಪರಾಗಸ್ಪರ್ಶ, ಅದನ್ನು ಗಿಡವೇ ಮಾಡಿಕೊಳ್ಳುತ್ತದೆ.

ಮೊದಲ ಕಾಯಿಗಳು ಬಲಿತಾಗ ಹೊಲದಲ್ಲಿ ಅಡ್ಡಾಡಿ, ರೋಗವಿಲ್ಲದ, ಗಿಡದ ತುಂಬ ಒಂದೇ ಬಗೆಯ ಡಬ್ಬಿ ಕಾಯಿ ಹಿಡಿದ ನಲವತ್ತು ಐವತ್ತು ಗಿಡಗಳಿಗೆ ಗೂಟ ಹೊಡೆಯಿರಿ. ಒಂದೆರಡೇ ಗಿಡಗಳಿಂದ ಬೀಜ ಹಿಡಿದರೆ ತಳಿಯೊಳಗಿನ ವೈವಿಧ್ಯ ಕುಗ್ಗುತ್ತದೆ. ಪ್ರತಿ ಗಿಡದಲ್ಲಿಯೂ ಎರಡು ಮೂರು ಟೊಂಗೆ ಆರಿಸಿ, ಅವುಗಳ ಮೇಲೆ ಆಗಲೇ ಅರಳಿದ ಹೂವು, ಕಚ್ಚಿದ ಹೀಚು ಎಲ್ಲವನ್ನೂ ಕಿತ್ತುಹಾಕಿ, ಮೊಗ್ಗುಗಳು ಮಾತ್ರ ಉಳಿದ ಮೇಲೆ ತೆಳುವಾದ ಮಲ್‌ಬಟ್ಟೆಯ ಚೀಲ ಕಟ್ಟಬೇಕು. ಈ ಕೀಳುವ ಕೆಲಸದಲ್ಲಿಯೇ ಹಲವರು ತಪ್ಪುತ್ತಾರೆ. ಒಂದು ಅರಳಿದ ಹೂವು ಚೀಲದೊಳಗೆ ಉಳಿದರೂ ಅದರ ಬೀಜದ ಮೇಲೆ ಭರವಸೆಯಿಡುವಂತಿಲ್ಲ. ದಿನಕ್ಕೊಮ್ಮೆ ಬೆಳಿಗ್ಗೆ ಚೀಲವನ್ನು ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಕಚ್ಚುವುದು ಹೆಚ್ಚುತ್ತದೆ. ಹೀಚು ಕಂಡ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿ ಬಿಡಿ.

ಎರೆಹೊಲ (ಪ್ರಶ್ನೆ ಕೇಳಿದವರು): ಇದರಿಂದ ಎರಡು ಎಕರೆಗೆ ಸಾಕಾಗುವಷ್ಟು ಬೀಜ ಸಿಗುತ್ತದೆಯೇ?

ಉತ್ತರ 1 (ಮುಂದುವರಿದು)

ಸಾಲದು, ಸಾಲಬೇಕಾಗಿಯೂ ಇಲ್ಲ. ಚೀಲದ ಬೀಜವನ್ನು ಬೀಜದ ಬೀಜವೆಂದು ತಿಳಿಯಿರಿ. ಗಿಡಕ್ಕೊಂದರಂತೆ ಬೇರೆ ಬೇರೆ ಪೊಟ್ಟಣ ಕಟ್ಟಿ, ಮುಂದಿನ ಹಂಗಾಮಿನಲ್ಲಿ ಪೊಟ್ಟಣಕ್ಕೊಂದು ಸಾಲು ನೆಡಿ. ಗೂಟ ಹೊಡೆದ ಗಿಡಗಳಲ್ಲಿ ಕೆಲವು ಮೂಲದಲ್ಲಿಯೇ ಬೆರಕೆಯಾಗಿದ್ದರೆ ಅವುಗಳ ಸಾಲಿನಲ್ಲಿ ಗಿಡಗಳು ಒಂದೊಂದು ಬಗೆಯಾಗಿ ಒಡೆದು ತೋರುತ್ತವೆ; ಆಗ ಗಿಡವನ್ನಲ್ಲ, ಆ ಸಾಲನ್ನೇ ಕೈಬಿಡಬೇಕು. ಈ ಸಾಲುಗಳಲ್ಲಿಯೂ ಕೆಲವು ಟೊಂಗೆಗಳಿಗೆ ಚೀಲ ಕಟ್ಟಿ, ಏಕರೂಪವಾಗಿ ನಿಂತ ಸಾಲುಗಳ ಚೀಲದ ಬೀಜವನ್ನು ಒಟ್ಟುಗೂಡಿಸಿ, ಮರುವರ್ಷ ಖಾರದ ತಳಿಯಿಂದ ಸಾಧ್ಯವಾದಷ್ಟು ದೂರದ ತುಂಡುಹೊಲದಲ್ಲಿ ಹೆಚ್ಚಿಸಿಕೊಳ್ಳಿ. ಅಲ್ಲಿಯೂ ಅಂಚಿನ ಸಾಲುಗಳನ್ನು ಮಾರಾಟಕ್ಕೆ ಬಿಟ್ಟು ನಡುವಿನದನ್ನು ಮಾತ್ರ ಬೀಜಕ್ಕೆ ಹಿಡಿಯಿರಿ. ಸಂಶೋಧನಾ ಕೇಂದ್ರಗಳಲ್ಲಿ ತಳಿವರ್ಧಕ ಬೀಜವನ್ನು (ತಳಿಯ ಮುಂದಿನ ಎಲ್ಲ ಬೀಜಕ್ಕೂ ಮೊದಲ ಮೂಲ) ಕಾಯ್ದುಕೊಳ್ಳುವುದೂ ಹೆಚ್ಚುಕಡಿಮೆ ಇದೇ ತತ್ತ್ವದ ಮೇಲೆ. ಎರಡು ಮೂರು ವರ್ಷ ಹಿಡಿಯುವ ಕೆಲಸ. ಅಷ್ಟರವರೆಗೆ ಹೊಲಕ್ಕೆ ನಂಬಿಕೆಯ ಕಡೆಯಿಂದ ಬೀಜ ತರುವುದೇ ಮೇಲು.

ಉತ್ತರ 3: ಬೀಜ ಪರೀಕ್ಷೆಯ ಅನುಭವವುಳ್ಳವರು

ಸಂಗ್ರಹಣೆಯ ಬಗ್ಗೆ ಎರಡು ಮಾತು. ಕಪ್ಪು ಚುಕ್ಕೆ ಕುಳಿಬಿದ್ದ ಕಾಯಿಯನ್ನು ಬೀಜಕ್ಕೆ ಬಳಸಬೇಡಿ, ಹಣ್ಣು ಕೊಳೆ ರೋಗದ ಶಿಲೀಂಧ್ರ ಬೀಜದೊಂದಿಗೆ ಮಡಿಗೂ ಬರುತ್ತದೆ. ಬೀಜ ಬೇರ್ಪಡಿಸಿದ ಮೇಲೆ ನೆರಳಿನಲ್ಲಿ ಒಣಗಿಸಿ, ತೇವಾಂಶ ಶೇ. 8ಕ್ಕೆ ಇಳಿದ ಮೇಲೆ ಬಟ್ಟೆಚೀಲದಲ್ಲಿಡಬಹುದು. ಗಾಳಿಯಾಡದ ಡಬ್ಬಿಯಲ್ಲಿ ಇಡುವುದಾದರೆ ಶೇ. 6ಕ್ಕೆ ಇಳಿಸಲೇಬೇಕು, ಇಲ್ಲವಾದರೆ ಒಳಗೇ ಬೆವೆತು ಮೊಳಕೆಶಕ್ತಿ ಕಳೆದುಕೊಳ್ಳುತ್ತದೆ. ಮಡಿಗೆ ಹಾಕುವ ಮೂರು ವಾರ ಮೊದಲೇ ನೂರು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎರಡು ವಾರದಲ್ಲಿ ಎಷ್ಟು ಮೊಳೆತವೆಂದು ಎಣಿಸಿ. ಪ್ರಮಾಣಿತ ಬೀಜಕ್ಕೆ ನಿಗದಿಯಾದ ಕನಿಷ್ಠ ಮಟ್ಟ ಶೇ. 60. ಅದಕ್ಕಿಂತ ಕಡಿಮೆ ಬಂದರೆ ಮಡಿಯಲ್ಲಿ ಬೀಜದ ಪ್ರಮಾಣವನ್ನು ಅಷ್ಟರಮಟ್ಟಿಗೆ ಹೆಚ್ಚಿಸಿಕೊಳ್ಳಬೇಕಾಗುತ್ತದೆ.