‘ದಲಿತ’ ಪದ ಎಲ್ಲಿಂದ ಬಂತು? ಈಗ ಬಳಸಬಾರದಾ?

ಕೆಮ್ಮಣ್ಣು:
ಅಂಬೇಡ್ಕರ್ ಜಯಂತಿಗೆ ಕಾಲೇಜಿನಲ್ಲಿ ಕರಪತ್ರ ಮಾಡ್ತಿದ್ದೆವು. ‘ದಲಿತ ವಿದ್ಯಾರ್ಥಿಗಳು’ ಅಂತ ಬರೆದಿದ್ದನ್ನು ಮೇಷ್ಟ್ರೊಬ್ಬರು ಕೆಂಪು ಪೆನ್ನಲ್ಲಿ ಹೊಡೆದುಹಾಕಿ ‘ಪರಿಶಿಷ್ಟ ಜಾತಿ’ ಅಂತ ತಿದ್ದಿದರು, ಆ ಪದ ಬ್ಯಾನ್ ಆಗಿದೆಯಂತೆ. ನಮ್ಮಜ್ಜ ಇವತ್ತಿಗೂ ‘ನಾವು ಹರಿಜನರು’ ಅಂತಾರೆ. ಅಪ್ಪ ದಲಿತರು ಅಂತಾರೆ. ನನ್ನ ಜಾತಿ ಸರ್ಟಿಫಿಕೇಟಿನಲ್ಲಿ ಇರೋದು ‘ಆದಿ ಕರ್ನಾಟಕ’. ಯಾಕೆ ಇಷ್ಟೊಂದು ಹೆಸರು?

ಭದ್ರಾ ದಂಡೆ:
ಬ್ಯಾನ್ ಆಗಿಲ್ಲ ತಮ್ಮ. 2018ರಲ್ಲಿ ಬಾಂಬೆ ಹೈಕೋರ್ಟಿನ ಒಂದು ಆದೇಶ ಆದಮೇಲೆ ಕೇಂದ್ರದ ವಾರ್ತಾ ಇಲಾಖೆ ಟಿವಿ ಚಾನೆಲ್‌ಗಳಿಗೆ ‘ಪರಿಶಿಷ್ಟ ಜಾತಿ’ ಅಂತ ಬಳಸಿ ಎಂದು ಸಲಹೆ ಕೊಟ್ಟಿತ್ತು, ಅಷ್ಟೇ. ಕರಪತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸರ್ಕಾರ ನಿಜವಾಗಿ ಬೇಡ ಅಂದಿದ್ದು ‘ಹರಿಜನ’ ಪದವನ್ನು, ಅದೂ 1982ರಲ್ಲೇ. 1932ರಲ್ಲಿ ಅಂಬೇಡ್ಕರ್ ಜೊತೆ ಮೀಸಲು ಕ್ಷೇತ್ರಗಳ ಬಗ್ಗೆ ಪೂನಾ ಒಪ್ಪಂದ ಆದ ಹೊತ್ತಿಗೆ ಗಾಂಧೀಜಿ ಆ ಹೆಸರನ್ನು ಬಳಕೆಗೆ ತಂದರು, 1933ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಶುರು ಮಾಡಿದರು. ಅಂಬೇಡ್ಕರ್ ಒಪ್ಪಲೇ ಇಲ್ಲ. 1938ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಆ ಪದವನ್ನು ಕಾನೂನಿಗೆ ಸೇರಿಸಲು ಹೊರಟಾಗ ತಮ್ಮವರ ಜೊತೆ ಎದ್ದು ಹೊರನಡೆದರು. ನಮಗೆ ಏನು ಹೆಸರು ಅಂತ ನಮ್ಮನ್ನೇ ಕೇಳಬೇಕಲ್ವಾ, ಜಗಳ ಇದ್ದಿದ್ದೇ ಅದಕ್ಕೆ. ಹಾಗಂತ ಅಜ್ಜನನ್ನು ತಿದ್ದಲು ಹೋಗಬೇಡಿ. ಊರವರು ಕೂಗಿ ಕರೀತಿದ್ದ ಹೆಸರಿಗೆ ಹೋಲಿಸಿದರೆ ಅವರಿಗೆ ಅದರಲ್ಲೇ ಮರ್ಯಾದೆ ಕಂಡಿರಬಹುದು.

ಹಳೇ ಹೋರಾಟಗಾರ:
ದಲಿತ ಅಂದರೆ ತುಳಿತಕ್ಕೆ ಸಿಕ್ಕವರು. ಪದ ಸಂಸ್ಕೃತದ್ದು, ಆದರೆ ಅದಕ್ಕೆ ಸಿಟ್ಟು ಬಂದಿದ್ದು ಮರಾಠಿಯಲ್ಲಿ. 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್ ಮೊದಲಾದವರು ದಲಿತ್ ಪ್ಯಾಂಥರ್ಸ್ ಅನ್ನೋ ಸಂಘಟನೆ ಕಟ್ಟಿದರು. ಮಾರನೇ ವರ್ಷದ ಪ್ರಣಾಳಿಕೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಜೊತೆಗೆ ಭೂಮಿ ಇಲ್ಲದ ರೈತರು, ಕೂಲಿಗಳು, ಹೆಂಗಸರು ಎಲ್ಲರನ್ನೂ ದಲಿತರು ಅಂತಲೇ ಕರೆದರು. ಎಷ್ಟು ದೊಡ್ಡ ಪದ ನೋಡಿ! ನಮ್ಮಲ್ಲಿ 1973ರಲ್ಲಿ ಆಗ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದು ಗಲಾಟೆಯಾಗಿ ಮಂತ್ರಿಗಿರಿ ಹೋಯಿತು. ಆ ಸಿಟ್ಟಿನಲ್ಲೇ ನಮ್ಮ ಹುಡುಗರು ಒಟ್ಟಾದರು, ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಊರೂರಿಗೆ ಹೋಯಿತು. ನಿಮ್ಮಪ್ಪನ ಬಾಯಿಗೆ ಆ ಪದ ಬಂದಿದ್ದು ಆ ಗಾಳಿಯಿಂದಲೇ ಇರಬೇಕು. ಈಗ ಪೇಪರಿನವರು ‘ದಲಿತ ಮತ’ ಅಂತ ಬರೆದು ಅದನ್ನು ಓಟಿನ ಲೆಕ್ಕಕ್ಕೆ ಇಳಿಸಿದ್ದಾರೆ. ನನಗೆ ತುಂಬಾ ಬೇಜಾರಾಗೋದು ಅದಕ್ಕೇ.

ತುಮಕೂರು ಅಕ್ಕ:
ಅಣ್ಣ, ದೊಡ್ಡ ಪದ ಸರಿ, ಆದರೆ ಅದರೊಳಗೆ ಸಣ್ಣವರು ಕಾಣದೇ ಹೋದರು. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿ ಇವೆ. ‘ಆದಿ ಕರ್ನಾಟಕ’ ಅಂತ ಬರೆಸಿದವರಲ್ಲಿ ಹೊಲೆಯರೂ ಇದ್ದಾರೆ, ಮಾದಿಗರೂ ಇದ್ದಾರೆ, ಸರ್ಟಿಫಿಕೇಟ್ ನೋಡಿದರೆ ಯಾರು ಅಂತ ಗೊತ್ತೇ ಆಗಲ್ಲ. 2025ರಲ್ಲಿ ನಾಗಮೋಹನದಾಸ್ ಆಯೋಗದವರು ಒಳಮೀಸಲಾತಿಗೆ, ಅಂದರೆ ಪರಿಶಿಷ್ಟ ಜಾತಿ ಮೀಸಲಾತಿಯನ್ನು ಒಳಗಿನ ಜಾತಿಗಳಿಗೆ ಹಂಚೋದಕ್ಕೆ ಅಂತ ಮನೆಮನೆ ಸಮೀಕ್ಷೆಗೆ ಬಂದಾಗ ಮೂಲ ಜಾತಿ ಹೇಳಲು ಹಿಂಜರಿದವರೂ ಇದ್ದರು, ಬಾಡಿಗೆ ಮನೆ ಓನರಿಗೆ ಗೊತ್ತಾದರೆ ಅಂತ ಭಯ. ಕರಪತ್ರದಲ್ಲಿ ದಲಿತ ಅಂತಲೇ ಹಾಕು ತಮ್ಮ, ಒಟ್ಟಿಗೆ ನಿಲ್ಲಲು ಆ ಪದ ಬೇಕು. ಫಾರ್ಮಿನಲ್ಲಿ ಮಾತ್ರ ಮೂಲ ಜಾತಿ ಸರಿಯಾಗಿ ಬರೆಸು.