ವಿಷಯ: ‘ಔಟ್‌ಪುಟ್’, ‘ಔಟ್‌ಕಮ್’ ಎರಡಕ್ಕೂ ಫಲಿತಾಂಶವೇ?

ಗೆಳೆಯರೇ,
ಕೋಲಾರದ ಕೆರೆ ತುಂಬಿಸುವ ಯೋಜನೆ ಬಗ್ಗೆ ಒಂದು ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಗೆ ಕೊಡಬೇಕು, ದಯವಿಟ್ಟು ಬೇಗ ಹೇಳಿ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರಕ್ಕೆ ಹರಿಸುವ ಯೋಜನೆ ಅದು. ಗುರಿ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಜನ ಕೋರ್ಟಿಗೆ ಹೋದರು.

ಎಷ್ಟು ಕೆರೆ ತುಂಬಿತು ಅನ್ನುವುದು ಔಟ್‌ಪುಟ್. ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತಾ, ಆ ನೀರು ಬೆಳೆಗೆ ಒಗ್ಗುತ್ತಾ ಅನ್ನುವುದು ಔಟ್‌ಕಮ್. ಎರಡನ್ನೂ ‘ಫಲಿತಾಂಶ’ ಅಂದರೆ ವರದಿ ಓದಿ ಉಪಯೋಗವೇ ಇಲ್ಲ. ‘ಇವ್ಯಾಲ್ಯುಯೇಶನ್’ಗೆ ‘ಮೌಲ್ಯಮಾಪನ’ ಅಂದರಂತೂ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ ಕಣ್ಮುಂದೆ ಬರುತ್ತದೆ.

ಉತ್ತರ 1:
ಮೌಲ್ಯಮಾಪನ ಕಿತ್ತುಹಾಕಿ. ‘ಯೋಜನೆ’ ಅನ್ನುವ ಪದವೂ ಬೇಡ. ‘ಹಮ್ಮುಗೆಯ ಒರೆತ’ ಅನ್ನಿ; ಹಮ್ಮುಗೆ ಅಂದರೆ ಯೋಜನೆ, ಒರೆತ ಅಂದರೆ ಒರೆಗೆ ಹಚ್ಚಿ ನೋಡುವುದು. ಒರೆಗಲ್ಲು ನಮ್ಮದೇ ಪದ, ತಮಿಳಿನಲ್ಲಿ ಉರೈಕಲ್. ಅದಕ್ಕೆ ಸಂಸ್ಕೃತದ ನಿಕಷ ಗಿಕಷ ಯಾಕೆ?

ಉತ್ತರ 2:
ಸರ್, ಒರೆಗಲ್ಲು ಒಳ್ಳೆಯ ಪದವೇ, ಆದರೆ ಇಲ್ಲಿ ಹೊಂದುವುದಿಲ್ಲ. ಅಕ್ಕಸಾಲಿಗರು ಚಿನ್ನವನ್ನು ಕರಿಕಲ್ಲಿನ ಮೇಲೆ ಉಜ್ಜಿ ಗೆರೆಯ ಬಣ್ಣ ನೋಡುತ್ತಾರೆ. ಅದರಿಂದ ತಿಳಿಯುವುದು ಚಿನ್ನ ಅಸಲಿಯೋ, ಎಷ್ಟು ಅಪ್ಪಟ ಅಂತ ಮಾತ್ರ. ಮಾಡಿದ ಕೆಲಸ ಕೈಗೂಡಿತೋ ಇಲ್ಲವೋ ಅಂತ ಅದು ಹೇಳುವುದಿಲ್ಲ.

‘ಕೆಲಸ ಆಯ್ತು’, ‘ಕೆಲಸ ಕೈಗೂಡಿತು’ ಎರಡೂ ಒಂದೇ ಅಲ್ಲ, ಅಲ್ವಾ? ಪೈಪ್ ಹಾಕಿದರು, ನೀರು ಬಿಟ್ಟರು: ಕೆಲಸ ಆಯ್ತು. ಒಣಗಿದ್ದ ಬೋರ್‌ವೆಲ್ ಮತ್ತೆ ನೀರು ಎತ್ತಿತು: ಕೈಗೂಡಿತು. ಹಾಗಾಗಿ ಒಂದಕ್ಕೆ ‘ಆದ ಕೆಲಸ’, ಇನ್ನೊಂದಕ್ಕೆ ‘ಸಿಕ್ಕ ಫಲ’. ಹೊಸ ಪದ ಕಟ್ಟಬೇಕಾಗೇ ಇಲ್ಲ.

ಉತ್ತರ 1:
ಫಲ ಸಂಸ್ಕೃತ. ಮತ್ತೆ ಅಲ್ಲಿಗೇ ಬಂದಿರಿ.

ಉತ್ತರ 2:
ಫಸಲು ಅರಬ್ಬಿ. ಜಮೀನು ಪಾರ್ಸಿ. ರೈತರ ಬಾಯಿಂದ ಇವನ್ನೆಲ್ಲ ಕಿತ್ತುಕೊಂಡು ಏನು ಕೊಡುತ್ತೀರಿ? ‘ಏನ್ ಫಲ ಸಿಕ್ತು?’ ಅಂತ ಕೇಳುವವರಿಗೆ ಅದು ಕನ್ನಡವೇ.

ಉತ್ತರ 1:
ಬಳಕೆಯಲ್ಲಿದೆ ಅಂತ ಒಪ್ಪುತ್ತಾ ಹೋದರೆ ನಾಳೆ ಔಟ್‌ಕಮ್ಮೂ ಬಳಕೆಗೆ ಬರುತ್ತದೆ. ಇನ್ನು ಹೇಳಲಾರೆ.

ಮೊದಲು ಕೇಳಿದವರು:
ಇಬ್ಬರಿಗೂ ವಂದನೆ. ‘ಆದ ಕೆಲಸ’, ‘ಸಿಕ್ಕ ಫಲ’ ಇಟ್ಟುಕೊಂಡೆ. ಮೌಲ್ಯಮಾಪನ ತೆಗೆದು ‘ಯೋಜನೆ ಕೈಗೂಡಿತೇ?’ ಅಂತ ತಲೆಬರಹ ಕೊಟ್ಟಿದ್ದೇನೆ. ‘ಇಂಪ್ಯಾಕ್ಟ್’ ಮಾತ್ರ ಉಳಿದಿದೆ. ‘ಪರಿಣಾಮ’ ಅಂದರೆ ನಮ್ಮ ಕಡೆ ಕೆಡುಕೇ ಆಯಿತು ಅಂತ ಓದಿಕೊಳ್ಳುವವರು ಜಾಸ್ತಿ. ಬೇರೆ ಏನಾದರೂ ಹೊಳೆದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.