ದಪ್ಪಗಿದ್ದದ್ದೆಲ್ಲ ಗಂಡಲ್ಲ: ಕೆರೆ ಹಕ್ಕಿಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಸೊರಬ): ಮೇಡಂ, ನಮ್ಮ ತೋಟದ ಕೆಳಗಿನ ಕೆರೆಯಲ್ಲಿ ತಾವರೆ ಎಲೆಗಳ ಮೇಲೆ ನಡೆದಾಡುವ ಉದ್ದ ಬಾಲದ ಜಕಾನಾ ಎರಡಿವೆ. ಬಣ್ಣ ಒಂದೇ, ಗಾತ್ರ ಬೇರೆ. ದಪ್ಪಗಿರುವುದೇ ಗಂಡು ಎಂದು ನಮ್ಮ ಅಣ್ಣ ವಾದಿಸುತ್ತಾರೆ. ಹೌದೇ?

ಉತ್ತರ: ಅಣ್ಣನವರಿಗೆ ಬೇಸರವಾದರೂ ಹೇಳಲೇಬೇಕು, ಅದು ಹೆಣ್ಣು. ಗಂಡು ಸುಮಾರು 120-130 ಗ್ರಾಂ ತೂಗಿದರೆ ಹೆಣ್ಣು 200 ಗ್ರಾಂ ದಾಟುತ್ತದೆ. ಮೊಟ್ಟೆಯಿಟ್ಟ ಹೆಣ್ಣು ಇನ್ನೊಂದು ಗಂಡನ್ನು ಹುಡುಕಿಕೊಂಡು ಹೋಗುತ್ತದೆ; ಕಾವು ಕೊಡುವುದು, ಮರಿಗಳನ್ನು ಕಾಯುವುದು ಗಂಡಿನ ಪಾಲು. ಗೂಡಿನಲ್ಲಿ ಕುಳಿತದ್ದರ ಫೋಟೊಗೆ ‘ತಾಯಿ’ ಎಂದು ಹೆಸರಿಟ್ಟವರು ನಮ್ಮ ಓದುಗರಲ್ಲೇ ಎಷ್ಟೋ ಮಂದಿ! ಆದರೆ ಗಾತ್ರದ ಲೆಕ್ಕ ಜೋಡಿ ಅಕ್ಕಪಕ್ಕ ಇದ್ದಾಗ ಮಾತ್ರ ನಡೆಯುತ್ತದೆ. ಒಂಟಿ ಹಕ್ಕಿಯನ್ನು ದೂರದಿಂದ ನೋಡಿ ನಾನು ಏನನ್ನೂ ಹೇಳುವುದಿಲ್ಲ. ಸಂತಾನದ ಕಾಲ ಮುಗಿದ ಮೇಲೆ ಆ ಉದ್ದ ಬಾಲವೂ ಉದುರುತ್ತದೆ, ಬಾಲವಿಲ್ಲದ್ದನ್ನೆಲ್ಲ ಮರಿ ಎನ್ನಬೇಡಿ.

ಅದೇ ಓದುಗರು: ಗದ್ದೆಯ ಬದುವಿನಲ್ಲಿ ಪೇಂಟೆಡ್ ಸ್ನೈಪ್ ಎಂಬ ಹಕ್ಕಿ ಕೂಡ ಇದೆ. ಕತ್ತು ಕಂದುಗೆಂಪು.

ಉತ್ತರ: ಅದೂ ಹೆಣ್ಣೇ. ಇಲ್ಲಿ ಬಣ್ಣವೇ ಸಾಕ್ಷಿ: ಕಂದುಗೆಂಪು ಕತ್ತು ಹೆಣ್ಣಿನದು, ಗಂಡು ಮಂಕು. ಮಂಕಾದದ್ದು ಸಿಕ್ಕಾಗಲೇ ತೊಡಕು: ಎಳೆಯ ಹಕ್ಕಿಯೂ ಗಂಡಿನಂತೆಯೇ ಕಾಣುತ್ತದೆ.

ಪ್ರಶ್ನೆ (ಶಿವಮೊಗ್ಗ): ಮಂಡಗದ್ದೆ ಪಕ್ಷಿಧಾಮದಲ್ಲಿ ತೆಗೆದ ಚಿತ್ರ ಹಾಕಿದ್ದೇನೆ. ಕಂದು ಮೈ, ತುಂಬಾ ಬಿಳಿ ಚುಕ್ಕೆ. ಇದು ಯಾವ ಹೆಣ್ಣು ಬಕ?

ಉತ್ತರ: ಹೆಣ್ಣೆಂದು ಹೇಳಲಾಗದು, ರಾತ್ರಿ ಬಕದ ಎಳೆಯ ಹಕ್ಕಿ ಅಷ್ಟೇ. ಕಪ್ಪು ನೆತ್ತಿ, ಬೂದು ರೆಕ್ಕೆ ಪೂರ್ತಿ ಬರಲು ಎರಡು ಮೂರು ವರ್ಷ ಬೇಕು. ಕಣ್ಣೂ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಇದರಲ್ಲಿ ಬಣ್ಣ ವಯಸ್ಸನ್ನು ಹೇಳುತ್ತದೆ, ಲಿಂಗವನ್ನಲ್ಲ.

ಪ್ರಶ್ನೆ (ಸಾಗರ): ನನ್ನದು ಲೇಥ್ ವರ್ಕ್‌ಶಾಪ್. ವರ್ನಿಯರ್ ಕ್ಯಾಲಿಪರ್ ಇದೆ. ಕೊಕ್ಕು ಅಳೆದರೆ ಗೊತ್ತಾಗುವುದಿಲ್ಲವೇ?

ಉತ್ತರ: ನಾವು ಅಳೆಯುವುದೂ ಅದರಲ್ಲೇ. ಕೊಕ್ಕಿಗೆ, ಕಾಲಿನ ಮೂಳೆಗೆ ಕ್ಯಾಲಿಪರ್. ಮಡಿಚಿದ ರೆಕ್ಕೆಗೆ, ಮಣಿಕಟ್ಟಿನಿಂದ ಅತಿ ಉದ್ದದ ಗರಿಯ ತುದಿಯವರೆಗೆ, ಅಂಚಿನಲ್ಲಿ ತಡೆಯಿರುವ ಸ್ಕೇಲು. ಒಂದೇ ಹಕ್ಕಿಯನ್ನು ಇಬ್ಬರು ಅಳೆದರೆ ಎರಡು ಅಂಕಿ ಬರುವುದುಂಟು. ಗರಿ ಸವೆದಿದ್ದರೆ ರೆಕ್ಕೆ ಗಿಡ್ಡವಾಗುತ್ತದೆ. ಅಳತೆ ಸಿಕ್ಕರೂ ಖಚಿತವಿಲ್ಲ: ಕೆರೆಯ ನೀಲಿ ಜಂಬುಕೋಳಿಯಲ್ಲಿ ಗಂಡು ಸರಾಸರಿಯಲ್ಲಿ ದೊಡ್ಡದು, ಆದರೆ ದೊಡ್ಡ ಹೆಣ್ಣು ಸಣ್ಣ ಗಂಡನ್ನು ಮೀರಿಸಬಹುದು. ನಡುವಿನ ಅಳತೆಯ ಹಕ್ಕಿಗೆ ರಕ್ತ ಅಥವಾ ಗರಿಯ ಡಿಎನ್‌ಎ ಪರೀಕ್ಷೆಯೇ ಗತಿ. ಅಂದ ಹಾಗೆ, ಅನುಮತಿಯಿಲ್ಲದೆ ಕಾಡುಹಕ್ಕಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕ್ಯಾಲಿಪರ್ ವರ್ಕ್‌ಶಾಪಿನಲ್ಲೇ ಇರಲಿ.